ಕೊನೆಯ ಗಿಡಕ್ಕೆ ಐದು ವೋಲ್ಟ್

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ತಾಯಲೂರು ಕಡೆಯ ನಮ್ಮ ಹಳ್ಳಿಯಿಂದ ಮುಳಬಾಗಿಲಿಗೆ ಒಂದು ಬಸ್ಸು, ಅಲ್ಲಿಂದ ಕೋಲಾರಕ್ಕೆ ಇನ್ನೊಂದು. ಹಾಗೆ ಹೋಗಿ ಬಂದು ಮೊದಲು ಡಿಪ್ಲೊಮಾ, ಆಮೇಲೆ ಎಲೆಕ್ಟ್ರಾನಿಕ್ಸ್‌ನಲ್ಲಿ ಇಂಜಿನಿಯರಿಂಗ್ ಮುಗಿಸಿದೆ. ಗಣಿತದ ಒಂದು ಪೇಪರನ್ನು ಮೂರು ಸಲ ಬರೆದು ಪಾಸು ಮಾಡಿದ್ದೇನೆ. ಅಪ್ಪ ಅದನ್ನೂ ಬಿಡಲಿಲ್ಲ. "ನಮ್ ಪಾಪ ಮೂರ್ ಸಲ ಪರೀಕ್ಷೆ ಬರ್ದವ್ಳೆ" ಎಂದು ಊರೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದ. ಹೆಚ್ಚು ಸಲ ಬರೆದಷ್ಟೂ ಹೆಚ್ಚು ಓದಿದ ಹಾಗೆ ಎಂದು ಅವನ ನಂಬಿಕೆ. ನಾನೂ ತಿದ್ದಲು ಹೋಗಲಿಲ್ಲ.

ಈಗ ನರಸಾಪುರದ ಒಂದು ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿದ್ದೇನೆ. ಬೋರ್ಡುಗಳು ಬರುತ್ತವೆ, ಮೀಟರು ಹಿಡಿಯುತ್ತೇನೆ, ಸರಿ ಇದ್ದರೆ ಸರಿ, ಇಲ್ಲದಿದ್ದರೆ ಇಲ್ಲ ಎಂದು ಬರೆಯುತ್ತೇನೆ. ಕಂಪನಿ ಬಸ್ಸು ಮುಳಬಾಗಿಲವರೆಗೆ ಬರುವುದರಿಂದ ಊರಿನಿಂದಲೇ ಹೋಗಿ ಬರುತ್ತೇನೆ.

ಮನೆಯಲ್ಲಿ ನಾನೇ ಕೂಡಿಸಿದ ಒಂದು ಕಂಪ್ಯೂಟರ್ ಇದೆ. ಅದಕ್ಕಿರುವ ಕೆಲಸ ಒಂದೇ, ಹಾಡುವುದು. ಅದರಲ್ಲಿ ಕಾಗದ ಬರೆಯುವ ಹಾಗಿಲ್ಲ, ಸಿನಿಮಾ ನೋಡುವ ಹಾಗಿಲ್ಲ. ಫ್ಯಾನು ಇಲ್ಲ, ತಿರುಗುವ ಹಾರ್ಡ್ ಡಿಸ್ಕೂ ಇಲ್ಲ. ಕಾರ್ಖಾನೆಯಲ್ಲಿ ದಿನವಿಡೀ ಗುಂಯ್‌ಗುಡುವ ಸದ್ದು ಕೇಳಿ ಬರುವವಳು ನಾನು, ಹಾಡಿನ ನಡುವಿನ ಮೌನದಲ್ಲಾದರೂ ಯಾವುದೂ ಗುಂಯ್ ಎನ್ನಬಾರದು ಎಂದು ಹಟ. ಡಿಸ್ಕಿನ ಬದಲು ಎರಡು ಫ್ಲ್ಯಾಷ್ ಮಾಡ್ಯೂಲ್ ಹಾಕಿದ್ದೇನೆ. ಅರ್ಧ ಬೆಂಕಿಪೊಟ್ಟಣದಷ್ಟಿರುವ ಕಪ್ಪು ಚೂರುಗಳು, ನೇರವಾಗಿ ಬೋರ್ಡಿಗೆ ಚುಚ್ಚಿಕೊಂಡು ಕೂರುತ್ತವೆ. ಒಂದರಲ್ಲಿ ಯಂತ್ರ ನಡೆಸುವ ಸಾಫ್ಟ್‌ವೇರ್, ಇನ್ನೊಂದರಲ್ಲಿ ಹಾಡು. ಇವಕ್ಕೆ ಬೋರ್ಡಿನಿಂದ ಕರೆಂಟು ಸಿಗುವುದಿಲ್ಲ. ಬೇರೆಯಾಗಿ ಐದು ವೋಲ್ಟ್ ಉಣಿಸಬೇಕು, ಅದಕ್ಕೆಂದೇ ಎರಡು ಪಿನ್ನಿನ ಪುಟ್ಟ ಬಾಯಿ ಇಟ್ಟಿರುತ್ತಾರೆ. ಎಲ್ಲವನ್ನೂ ಸತ್ತುಹೋದ ಫ್ರಿಜ್ ಸ್ಟೆಬಿಲೈಸರಿನ ಕಬ್ಬಿಣದ ಪೆಟ್ಟಿಗೆಯೊಳಗೆ ಕೂರಿಸಿದ್ದೆ. ಅಪ್ಪ ಅದಕ್ಕೆ ಇಟ್ಟ ಹೆಸರು 'ಹಾಡೋ ಡಬ್ಬ'.

ಅಪ್ಪನ ವಿಷಯ ಹೇಳಬೇಕು. ಹಗಲು ಟೊಮೇಟೊ ತೋಟ, ಶನಿವಾರ ಸಂಜೆ ಭಜನೆ ಮನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು, ಆದರೆ ತೆಲುಗಿನಲ್ಲೂ ಕನ್ನಡದಲ್ಲೂ ನೂರಾರು ಭಜನೆ ಬಾಯಿಗೆ ಬರುತ್ತವೆ. ತಾಳ ಹಿಡಿದು ಮುಂದೆ ನಿಂತು ಹಾಡುವವನು ಅವನೇ. ಅವನ ತಮ್ಮ, ನನ್ನ ಚಿಕ್ಕಪ್ಪ, ಹಾರ್ಮೋನಿಯಂ. ಇಬ್ಬರಿಗೂ, ಜೊತೆಗಿರುವ ಐದಾರು ಜನಕ್ಕೂ ಕಲಿಸಿದ ಗುರುಗಳು ಒಬ್ಬರೇ. ಅವರು ತೀರಿಕೊಂಡು ಬಹಳ ವರ್ಷವಾಯಿತು.

ಭಜನೆ ಮುಗಿಯುವುದು ಒಂದು ಮಂಗಳದಿಂದ. ಮೂರು ಚರಣ, ಆಮೇಲೆ ವೇಗ ಎರಡರಷ್ಟು ಏರಿ ಎಲ್ಲರೂ ಕುಣಿಯುವ ಹಾಗೆ ಹಾಡಬೇಕು. ಆ ಮೂರನೆಯ ಚರಣಕ್ಕೂ ವೇಗಕ್ಕೂ ನಡುವೆ ಅಪ್ಪ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸುತ್ತಾನೆ. ಕಣ್ಣು ಮುಚ್ಚಿ ಪಲ್ಲವಿಯ ಒಂದೇ ಒಂದು ಸಾಲನ್ನು ನಿಧಾನವಾಗಿ, ಒಬ್ಬನೇ ಎಳೆಯುತ್ತಾನೆ. ವಾರಕ್ಕೊಮ್ಮೆ ಬರುವ ಆ ಅರ್ಧ ನಿಮಿಷಕ್ಕಾಗಿಯೇ ಅವನು ಉಳಿದ ದಿನವೆಲ್ಲ ತೋಟಕ್ಕೆ ನೀರು ಬಿಡುತ್ತಾನೆ ಎನ್ನುತ್ತಾಳೆ ಅಮ್ಮ. ಸುಳ್ಳಲ್ಲ.

ಹೋದ ವರ್ಷ ಮೋಡ ಕವಿದಿದ್ದ ದಿನಗಳಲ್ಲಿ, ಒಂದು ಶನಿವಾರ, ಮಂಗಳ ಮುಗಿದದ್ದೇ ಚಿಕ್ಕಪ್ಪ ಹಾರ್ಮೋನಿಯಂ ಮುಚ್ಚಿ ಶುರು ಮಾಡಿದ.

"ಅಣ್ಣಾ, ಗುರುಗಳು ಹಿಂಗೆ ಎಳೀತಾನೇ ಇರ್ಲಿಲ್ಲ. ಮೂರನೇ ಚರಣ ಮುಗೀತಿದ್ದಂಗೆ ಸೀದಾ ಡಬ್ಬಲ್ಲು. ಇದು ನೀನ್ ಸೇರ್ಸಿದ್ದು."

"ನಾನ್ಯಾಕೋ ಸೇರಿಸ್ಲಿ? ಗುರುಗಳೇ ನಂಗೆ ಹೇಳ್ಕೊಟ್ಟಿದ್ದು."

"ಯಾವಾಗ? ಕನಸಲ್ಲಾ?"

ಸುತ್ತ ಇದ್ದವರು ನಕ್ಕರು. ಅಪ್ಪನಿಗೆ ರೇಗಿತು. ತಾಳವನ್ನು ಕೆಳಗಿಟ್ಟು, "ನಮ್ ಪಾಪ ಗುರುಗಳ ಕ್ಯಾಸೆಟ್ಟು ಡಬ್ಬದಾಗೆ ಹಾಕವ್ಳೆ. ಬರೋ ಶನಿವಾರ ಇಲ್ಲೇ ಕೇಳಿಸ್ತೀನಿ. ಗುರುಗಳು ಎಳ್ದಿದ್ರೆ ನೀನು ಬಾಯ್ ಮುಚ್ಕೊಂಡು ಹಾರ್ಮೋನಿ ಬಾರ್ಸು. ಎಳ್ದಿಲ್ಲಾಂದ್ರೆ ಆ ಸಾಲು ನಾನ್ ಇನ್ ಹಾಡಲ್ಲ, ಆಯ್ತಾ?" ಎಂದುಬಿಟ್ಟ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಡಿಗ್ರಿ ಮಾಡಿರೋಳು ಮಾಡಿರೋ ಮಿಷನ್ನು ಕಣ್ರೋ, ಸುಳ್ ಹೇಳಲ್ಲ" ಎಂದು ಎಲ್ಲರ ಮುಖ ನೋಡಿ ಸೇರಿಸಿದ. ಮಾರನೆಯ ದಿನದೊಳಗೆ ಶ್ರೀನಿವಾಸಪುರದ ನೆಂಟರಿಗೂ ಫೋನು ಹೋಗಿತ್ತು.

ಅಪ್ಪನಿಗೆ ಗೊತ್ತಿಲ್ಲದ ಎರಡು ಸಂಗತಿ ನನಗೆ ಗೊತ್ತಿದ್ದವು. ಎರಡೂ ನನ್ನ ತಪ್ಪೇ.

ಮೊದಲನೆಯದು ಕ್ಯಾಸೆಟ್ಟಿನದು. ಗುರುಗಳಿದ್ದಾಗ, ಇವರೆಲ್ಲ ಹುಡುಗರಾಗಿದ್ದಾಗ ತುಂಬಿಸಿದ ಒಂದೇ ಕ್ಯಾಸೆಟ್ಟು ಅದು. ನಾನು ಅದನ್ನು ಮಾಡ್ಯೂಲಿಗೆ ಇಳಿಸಲು ಹಾಕಿ, ತಾನೇ ಓಡಿ ಮುಗಿಯಲಿ ಎಂದು ಬಿಟ್ಟು ಶಿಫ್ಟಿಗೆ ಹೋಗಿದ್ದೆ. ಬಂದು ನೋಡಿದರೆ ಪೂರ್ತಿ ಇಳಿದಿತ್ತು. ಆದರೆ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಲು ಹೋದಾಗ ನಮ್ಮ ಮುದಿ ಟೇಪ್‌ರೆಕಾರ್ಡರ್ ರೀಲನ್ನು ಶಾವಿಗೆಯ ಹಾಗೆ ಎಳೆದು ಅಗಿದುಬಿಟ್ಟಿತು. ಇನ್ನೊಂದು ಪ್ರತಿ ಮಾಡಿಟ್ಟುಕೊಂಡಿರಲಿಲ್ಲ. ಅಂದರೆ ಗುರುಗಳ ದನಿ ಈ ಜಗತ್ತಿನಲ್ಲಿ ಉಳಿದಿದ್ದದ್ದು ಆ ಅರ್ಧ ಬೆಂಕಿಪೊಟ್ಟಣದಲ್ಲಿ ಮಾತ್ರ.

ಎರಡನೆಯದು, ಎಲ್ಲವನ್ನೂ ಕಬ್ಬಿಣದ ಪೆಟ್ಟಿಗೆಯೊಳಗೆ ಕೂರಿಸಿದ ಮೇಲೆ ಆ ಅರ್ಧ ಬೆಂಕಿಪೊಟ್ಟಣ ಕೈಕೊಡತೊಡಗಿತ್ತು. ಐದು ನಿಮಿಷ ಹಾಡುತ್ತದೆ, ಹತ್ತು ನಿಮಿಷ ಹಾಡುತ್ತದೆ, ಆಮೇಲೆ ನಿಲ್ಲುತ್ತದೆ. ಪರದೆಯಲ್ಲಿ ನೋಡಿದರೆ ಹಾಡಿನ ಮಾಡ್ಯೂಲೇ ಕಾಣೆ. ಮಂಗಳ ಇರುವುದು ಕ್ಯಾಸೆಟ್ಟಿನ ಕೊನೆಯಲ್ಲಿ. ಅಲ್ಲಿಗೆ ಓಡಿಸಲು ಹೋದರೆ ಇನ್ನೂ ಬೇಗ ಮಾಯ. ಬೇರೆ ಕಡೆಗೆ ಪ್ರತಿ ಮಾಡಲು ಹೋದರೂ ಅದೇ ಕಥೆ.

"ಕರೆಂಟೇ ಸರಿಯಿಲ್ಲ" ಎಂದುಕೊಂಡೆ. ನಮ್ಮ ಕಡೆ ಏನು ಕೆಟ್ಟರೂ ಮೊದಲು ಬೈಯುವುದು ಕರೆಂಟನ್ನೇ. ಬೈಯಲು ಕಾರಣವೂ ಇದೆ ಅನ್ನಿ. ತ್ರೀ ಫೇಸ್ ಬಿಟ್ಟ ಕೂಡಲೇ ಊರಿನ ಬೋರ್‌ವೆಲ್ ಮೋಟಾರುಗಳೆಲ್ಲ ಒಟ್ಟಿಗೆ ಏಳುತ್ತವೆ, ಮನೆಯ ಬಲ್ಬು ಒಂದು ಸಲ ಕಣ್ಣು ಮುಚ್ಚಿ ತೆರೆಯುತ್ತದೆ. ಇಂಥ ಕರೆಂಟು ಕುಡಿದು ಇಷ್ಟು ಸೂಕ್ಷ್ಮದ ಚೂರು ಹೇಗೆ ಬದುಕಬೇಕು? ಹಾಗಾಗಿ ಸೋಮವಾರ ಬೆಳಿಗ್ಗೆ ಕರೆಂಟಿನ ಸಹವಾಸವೇ ಬೇಡ ಎಂದು ತೀರ್ಮಾನಿಸಿ, ಅಮ್ಮ ಔಷಧಿ ಹೊಡೆಯುವ ಬೆನ್ನಿನ ಸ್ಪ್ರೇಯರಿನ ಬ್ಯಾಟರಿ ಬಿಚ್ಚಿದೆ. ಹನ್ನೆರಡು ವೋಲ್ಟಿನ ಒಳ್ಳೆಯ ಬ್ಯಾಟರಿ. ಅದರಿಂದ ಒಂದು ಕನ್ವರ್ಟರ್ ಹಾಕಿ ಐದು ವೋಲ್ಟಿಗೆ ಇಳಿಸಿದೆ. ಮೀಟರು ಹಿಡಿದರೆ ಕರಾರುವಾಕ್ಕಾಗಿ ಐದು, ಕದಲದೆ ನಿಂತಿತ್ತು. ಖುಷಿಯಿಂದ ಹಾಡು ಹಚ್ಚಿದೆ.

ಏಳನೇ ನಿಮಿಷಕ್ಕೆ ನಿಂತಿತು.

ಅಷ್ಟು ಹೊತ್ತಿಗೆ ಎರಡನೇ ಶಿಫ್ಟಿನ ಬಸ್ಸಿಗೆ ತಡವಾಗಿತ್ತು. ಎಲ್ಲವನ್ನೂ ಹಾಗೆಯೇ ಬಿಟ್ಟು ಓಡಿದೆ. ಹಾಡದಿದ್ದರೂ ಯಂತ್ರ ಬ್ಯಾಟರಿಯನ್ನು ದಿನವಿಡೀ ಹೀರಿತು. ವಾಪಸು ಬಂದು, ಏನೂ ಆಗಿಲ್ಲವೆಂಬಂತೆ ಬ್ಯಾಟರಿಯನ್ನು ಸ್ಪ್ರೇಯರಿನೊಳಗೆ ಸೇರಿಸಿ ಮಲಗಿದೆ. ಚಾರ್ಜಿಗೆ ಹಾಕಲು ಮರೆತೆ.

ಮಂಗಳವಾರ ಬೆಳಿಗ್ಗೆ ತೋಟದ ಕಡೆಯಿಂದ ಅಮ್ಮನ ದನಿ ಬಂತು.

"ಲೇ, ಬಾರೇ ಇಲ್ಲಿ! ಇಂಜಿನಿಯರಮ್ಮಾ!"

ಹೋದೆ. ಅಮ್ಮ ಔಷಧಿ ಬೆರೆಸಿ ಸ್ಪ್ರೇಯರ್ ಬೆನ್ನಿಗೆ ಹಾಕಿಕೊಂಡು ನಿಂತಿದ್ದಳು. ಮೂತಿಯಿಂದ ಹನಿಯೂ ಬರುತ್ತಿರಲಿಲ್ಲ.

"ಏನ್ ಮಾಡ್ದೆ ಇದ್ಕೆ?"

"ಬ್ಯಾಟ್ರಿ ಸ್ವಲ್ಪ ತಗೊಂಡಿದ್ದೆ ಅಮ್ಮಾ."

"ಸ್ವಲ್ಪ ತಗೊಂಡು ಸ್ವಲ್ಪ ಬಿಡಕ್ಕೆ ಅದೇನು ಮೊಸರಾ? ಮೋಡ ನೋಡು ಹೆಂಗ್ ಕವ್ಕೊಂಡೈತೆ. ಅಂಗಮಾರಿ ಬಂದ್ರೆ ತೋಟ ಎರಡ್ ದಿನಕ್ಕೆ ಕರ್ರಗೆ ಸುಟ್ಟೋಗತ್ತೆ. ನಿಮ್ಮಪ್ಪನ ಭಜನೆ ಕೇಳ್ಸಿದ್ರೆ ರೋಗ ಓಡೋಗತ್ತಾ?"

ಅದೃಷ್ಟಕ್ಕೆ ಆ ಸ್ಪ್ರೇಯರಿಗೆ ಕೈಯಲ್ಲಿ ಒತ್ತುವ ಹಿಡಿಯೂ ಇತ್ತು. ಅಮ್ಮ ಒಂದು ಮಾತೂ ಹೆಚ್ಚಿಗೆ ಆಡದೆ ಅದನ್ನು ಬಿಚ್ಚಿ ನನ್ನ ಬೆನ್ನಿಗೆ ಏರಿಸಿದಳು. ನಾನು ಎಡಗೈಯಲ್ಲಿ ಹಿಡಿ ಒತ್ತುತ್ತಾ, ಬಲಗೈಯಲ್ಲಿ ಮೂತಿ ಹಿಡಿದು ಸಾಲು ಸಾಲು ಔಷಧಿ ಹೊಡೆದೆ. ಅಮ್ಮ ಹಿಂದೆಯೇ ಬಂದು, "ಎಲೆ ಕೆಳಗೂ ಹೊಡಿ, ಮೇಲ್‌ಮೇಲೆ ಸ್ನಾನ ಮಾಡಿಸ್ಬೇಡ" ಎಂದು ಹೇಳುತ್ತಲೇ ಇದ್ದಳು.

ತೋಟದ ತುದಿಗೆ ಬಂದಾಗ ಗಿಡಗಳು ಸೊರಗಿದ್ದವು. ಮೊಣಕಾಲೆತ್ತರಕ್ಕೂ ಬಂದಿರಲಿಲ್ಲ.

"ಈ ಕಡೆ ಯಾಕಮ್ಮಾ ಹಿಂಗಿವೆ? ಮೋಟರ್ ಸರಿಯಾಗಿ ಎತ್ತುತ್ತಿಲ್ವಾ?"

"ಮೋಟರ್‌ಗೇನ್ ರೋಗ? ಅಲ್ಲೋಗ್ ನೋಡು, ನೀರು ಹೆಂಗ್ ನುಗ್ತೈತೆ. ನಿಮ್ಮಪ್ಪನೂ ನಿನ್ನಂಗೇ, ಬಂದ್ ಬಂದ್ ಮೋಟರ್‌ನೇ ಬೈತಾನೆ. ಡ್ರಿಪ್ ಪೈಪು ಸಣ್ಣದು, ಸಾಲು ಉದ್ದ ಆಗೋಯ್ತು ಕಣೇ. ಮುಂದಿನ ಗಿಡಗಳೇ ಕುಡ್ಕೊಂಬಿಡ್ತವೆ. ಕೊನೇದಕ್ಕೆ ಬರೀ ತೇವ. ಇದಕ್ಕೆ ದಪ್ಪ ಪೈಪ್ ಬೇರೇನೇ ಎಳೀಬೇಕು."

ಹಿಡಿ ಒತ್ತುತ್ತಿದ್ದ ನನ್ನ ಕೈ ನಿಂತಿತು.

ಪೆಟ್ಟಿಗೆಯೊಳಗೆ ನಾನು ಮಾಡಿದ್ದು ಅದೇ. ಮೊದಲು ಮೇಜಿನ ಮೇಲಿದ್ದಾಗ ಹಾಡಿನ ಮಾಡ್ಯೂಲಿಗೆ ಗೇಣುದ್ದದ ವೈರಿನಲ್ಲಿ ಸೀದಾ ಐದು ವೋಲ್ಟ್ ಕೊಟ್ಟಿದ್ದೆ. ಪೆಟ್ಟಿಗೆಗೆ ಹಾಕುವಾಗ ವೈರು ಸಾಲಲಿಲ್ಲ. ಕೈಗೆ ಸಿಕ್ಕ ಹಳೆಯ ಇಯರ್‌ಫೋನಿನ ಕೂದಲೆಳೆಯಂಥ ವೈರನ್ನು ಕತ್ತರಿಸಿ ಬೆಸೆದು, ಮೊದಲು ಸಾಫ್ಟ್‌ವೇರಿನ ಮಾಡ್ಯೂಲಿಗೆ ಕೊಟ್ಟು, ಅಲ್ಲಿಂದ ಮುಂದಕ್ಕೆ ಎಳೆದು ಹಾಡಿನದಕ್ಕೆ ಸೇರಿಸಿದ್ದೆ. ಹಾಡಿನ ಮಾಡ್ಯೂಲು ಸಾಲಿನ ಕೊನೆಯ ಗಿಡವಾಗಿತ್ತು. ನಾನು ಮೀಟರು ಹಿಡಿದದ್ದೆಲ್ಲ ಮೋಟಾರಿನ ಹತ್ತಿರ. ಕೊನೆಯ ಗಿಡದ ಬುಡ ಮುಟ್ಟಿ ನೋಡಿರಲೇ ಇಲ್ಲ.

ದಿನಕ್ಕೆ ನೂರಾರು ಬೋರ್ಡಿಗೆ ಮೀಟರು ಹಿಡಿದು ಸಂಬಳ ತೆಗೆದುಕೊಳ್ಳುವವಳು ನಾನು! ಕಾರ್ಖಾನೆಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ನಾನೇ ನಾಲ್ಕು ಮಾತು ಅಂದಿರುತ್ತಿದ್ದೆ.

ಕೈಕಾಲು ತೊಳೆದು ಬಂದು, ಯಂತ್ರ ಹಾಡುತ್ತಿರುವಾಗಲೇ ಆ ಪುಟ್ಟ ಬಾಯಿಯ ಎರಡು ಪಿನ್ನಿಗೆ ಮೀಟರಿನ ಕಡ್ಡಿ ಮುಟ್ಟಿಸಿದೆ. ಹೊರಟ ಕಡೆ ಐದು, ತಲುಪಿದ ಕಡೆ ನಾಲ್ಕೂವರೆಗಿಂತ ಕಡಿಮೆ. ಹಾಡು ನಿಲ್ಲುವ ಗಳಿಗೆಯಲ್ಲಿ ಇನ್ನೂ ಇಳಿಯಿತು. ಪಾಪ, ಅದು ಬಾಯಾರಿ ಮೂರ್ಛೆ ಹೋಗುತ್ತಿತ್ತು. ನಾನು ಊರಿನ ಕರೆಂಟನ್ನು ಬೈಯುತ್ತಿದ್ದೆ.

ಬುಧವಾರ ಮುಳಬಾಗಿಲಿನ ರೇಡಿಯೊ ರಿಪೇರಿ ಅಂಗಡಿಯಲ್ಲಿ ದಪ್ಪ ಎಳೆಯ ವೈರು, ಎರಡು ಕೆಪಾಸಿಟರು ತಂದೆ. ಗುರುವಾರ ಬೆಳಿಗ್ಗೆ ಎರಡು ಮಾಡ್ಯೂಲಿಗೂ ಬೇರೆ ಬೇರೆಯಾಗಿ, ಒಂದೇ ಅಳತೆಯ ಗಿಡ್ಡ ವೈರು ಎಳೆದೆ. ಎರಡರ ಬಾಯಿಯ ಹತ್ತಿರವೂ ಒಂದೊಂದು ಕೆಪಾಸಿಟರು ಬೆಸೆದೆ. ಅಮ್ಮ ಬಂದು ಬಗ್ಗಿ ನೋಡಿದಳು.

"ಈ ಡ್ರಮ್ ತರ ಇರೋದೇನು?"

"ಗಿಡದ್ ಹತ್ರ ಒಂದು ಬಿಂದಿಗೆ ನೀರಿಟ್ಟಂಗೆ ಅಮ್ಮಾ. ಒಂದೇ ಸಲ ಜಾಸ್ತಿ ದಾಹ ಆದ್ರೆ ಇದ್ರಿಂದ ಕುಡ್ಕೊಳತ್ತೆ."

"ನನ್ ಗಿಡಕ್ಕೂ ಹಂಗೇ ಮಾಡ್ಕೊಡು ಮತ್ತೆ" ಎಂದು ಹೋದಳು. ಮಾತಿನಲ್ಲಿ ವ್ಯಂಗ್ಯವೂ ಇತ್ತು, ಕೋರಿಕೆಯೂ ಇತ್ತು. ಆ ಕೊನೆಯ ಸಾಲುಗಳಿಗೆ ದಪ್ಪ ಪೈಪು ಎಳೆದದ್ದು ಆಮೇಲಿನ ಮಾತು.

ಮನೆಯ ಕರೆಂಟಿಗೇ ಪ್ಲಗ್ಗು ಹಾಕಿದೆ. ಮೊದಲು ಮಾಡಿದ ಕೆಲಸವೆಂದರೆ ಗುರುಗಳ ಹಾಡನ್ನು ಇನ್ನೆರಡು ಕಡೆ ಪ್ರತಿ ಮಾಡಿಟ್ಟದ್ದು. ಒಮ್ಮೆಯೂ ಮುಗ್ಗರಿಸದೆ ಪೂರ್ತಿ ಬಂತು. ಅದರ ನಡುವೆಯೇ ತ್ರೀ ಫೇಸ್ ಬಂದು ಬಲ್ಬು ಕಣ್ಣು ಹೊಡೆಯಿತು. ಮಾಡ್ಯೂಲು ಕ್ಯಾರೇ ಅನ್ನಲಿಲ್ಲ. ಕುಣಿಯಬೇಕೆನಿಸಿತು, ಒಂದು ಸುತ್ತು ಕುಣಿದೆ ಕೂಡ. ಆಮೇಲೆ ಕೂತು ಮಂಗಳ ಕೇಳಿದೆ.

ಗುರುಗಳು ಗಂಟಲು ಸರಿಮಾಡಿಕೊಳ್ಳುವ ಸದ್ದು. ಎಲ್ಲೋ ಒಂದು ನಾಯಿ. ಎಳೆಯ ದನಿಯ ಚಿಕ್ಕಪ್ಪ, ಅವನ ಜೊತೆ ತಾಳ ಹಾಕುವ ಅಪ್ಪ. ಒಂದು ಚರಣ, ಎರಡು, ಮೂರು. ಮೂರನೆಯದು ಮುಗಿದ ಮರುಕ್ಷಣ ಗುರುಗಳು ಬಾಣದ ಹಾಗೆ ವೇಗಕ್ಕೆ ಹಾರಿದರು.

ನಿಧಾನದ ಸಾಲು ಇರಲೇ ಇಲ್ಲ.

ಮೂರು ಸಲ ಕೇಳಿದೆ. ಇರಲಿಲ್ಲ. ಚಿಕ್ಕಪ್ಪ ಹೇಳಿದ್ದೇ ಸರಿ.

ನೆಟ್ಟಗೆ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೊಂದು ಕೆಟ್ಟ ಯೋಚನೆ ಬಂತು. ಶನಿವಾರ ಯಂತ್ರ ಹಾಡದಿದ್ದರೆ ಸರಿಹೋಯಿತಲ್ಲ? ತಪ್ಪನ್ನು ಕರೆಂಟಿನ ಮೇಲೆ ಹಾಕಿಬಿಟ್ಟರೆ ನಮ್ಮೂರಿನಲ್ಲಿ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಅಪ್ಪನ ಅರ್ಧ ನಿಮಿಷ ಅಪ್ಪನಿಗೇ ಉಳಿಯುತ್ತದೆ. ಆ ವೈರನ್ನು ಸಡಿಲ ಮಾಡಲು ನನಗೆ ಅರ್ಧ ನಿಮಿಷವೂ ಬೇಡ.

ಆಗಲಿಲ್ಲ. ಮೀಟರು ತೋರಿಸಿದ್ದನ್ನು ಬಿಟ್ಟು ಬೇರೆ ಬರೆದು ನನಗೆ ಅಭ್ಯಾಸವಿಲ್ಲ. ತೋಟಕ್ಕೆ ಹೋದೆ. ಅಪ್ಪ ನೆರಳಲ್ಲಿ ಕೂತು ಟೊಮೇಟೊ ಆರಿಸಿ ಕ್ರೇಟಿಗೆ ತುಂಬುತ್ತಿದ್ದ. ಎದುರಿಗೆ ಕೂತು ನಾನೂ ಆರಿಸುತ್ತಾ ಹೇಳಿದೆ.

"ಅಪ್ಪಾ, ಡಬ್ಬ ಸರಿಹೋಯ್ತು. ಮಂಗಳ ಕೇಳ್ದೆ. ಗುರುಗಳು ಎಳ್ದಿಲ್ಲ."

ಅವನ ಕೈ ನಿಲ್ಲಲಿಲ್ಲ. ಎರಡು ಹಣ್ಣು ಕ್ರೇಟಿಗೆ ಹೋದವು.

"ಸರಿಯಾಗ್ ಕೇಳ್ದಾ?"

"ಮೂರ್ ಸಲ."

"ನಿನ್ ಡಬ್ಬ ಆ ಸಾಲು ನುಂಗಿರ್ಬೋದಾ? ಮೊನ್ನೆ ನಿಂತೋಗ್ತಿತ್ತು ಅಂತ ನಿಮ್ಮಮ್ಮ ಅಂದ್ಲು."

"ನುಂಗಿದ್ರೆ ತಾಳ ತಪ್ತಿತ್ತು ಅಪ್ಪಾ. ತಾಳ ನಿಂದೇ. ಎಲ್ಲೂ ತಪ್ಪಿಲ್ಲ."

ಅಪ್ಪ ಒಂದು ಕೊಳೆತ ಹಣ್ಣನ್ನು ದೂರಕ್ಕೆ ಎಸೆದ.

"ಬೇಕಾದ್ರೆ ಶನಿವಾರ ಕೆಟ್ಟೋಗಿದೆ ಅಂತೀನಿ" ಎಂದೆ. ತಡೆದುಕೊಂಡಿದ್ದ ಮಾತು ಬಾಯಿಂದ ಜಾರಿಯೇಬಿಟ್ಟಿತು.

"ಬ್ಯಾಡ. ಡಬ್ಬ ಕೆಟ್ಟೋಯ್ತು ಅಂದ್ರೆ ನಿನ್ ಮರ್ಯಾದೆ ಹೋಗತ್ತೆ. ಸಾಲು ತಪ್ಪು ಅಂದ್ರೆ ನಂದು. ನಂದು ಹಳೇದು, ಹೋದ್ರೆ ಹೋಗ್ಲಿ." ಕ್ರೇಟನ್ನು ಎತ್ತಿ ಪಕ್ಕಕ್ಕಿಟ್ಟ. "ಆದ್ರೂ ಗುರುಗಳು ನಂಗ್ ಹೇಳ್ಕೊಟ್ಟಿದ್ದು ನಿಜ ಕಣಮ್ಮಾ. ಯಾಕ್ ಹೇಳ್ಕೊಟ್ರೋ ಗೊತ್ತಿಲ್ಲ."

ಶನಿವಾರ ರಜೆ ಹಾಕಿ ಡಬ್ಬವನ್ನೂ ಸ್ಪೀಕರನ್ನೂ ಭಜನೆ ಮನೆಗೆ ಒಯ್ದೆ. ಸಾಮಾನ್ಯವಾಗಿ ಬರುವವರ ಎರಡರಷ್ಟು ಜನ ಸೇರಿದ್ದರು. ಹೆಂಗಸರು ಬಾಗಿಲ ತನಕ ಕೂತಿದ್ದರು. ಅಮ್ಮ ಎದುರಿಗೇ ಇದ್ದಳು. ಅಪ್ಪ ಎಲ್ಲರಿಗೂ, "ನೋಡ್ರಪ್ಪಾ, ಇದೇ ಡಬ್ಬ" ಎಂದು ತೋರಿಸಿ, ಏನೂ ಗೊತ್ತಿಲ್ಲದವನ ಹಾಗೆ ಗೋಡೆಗೊರಗಿ ಕೂತ. ನಾನು ಹಾಡು ಹಚ್ಚಿದೆ.

ಗುರುಗಳ ದನಿ ಕೇಳಿದ್ದೇ ಮೃದಂಗದವನು ಕಣ್ಣೊರೆಸಿಕೊಂಡ. ಮೂರನೇ ಚರಣ ಮುಗಿಯಿತು, ಗುರುಗಳು ವೇಗಕ್ಕೆ ಹಾರಿದರು. ಚಿಕ್ಕಪ್ಪ ಕೂತಲ್ಲಿಂದ ಎದ್ದೇಬಿಟ್ಟ.

"ಕೇಳಿದ್ರಾ! ಕೇಳಿದ್ರಾ ಎಲ್ರೂ! ಏನಣ್ಣಾ, ಎಲ್ಲೋಯ್ತು ನಿನ್ ಸಾಲು? ಡಿಗ್ರಿ ಮಾಡಿರೋಳ ಮಿಷನ್ನು, ಸುಳ್ ಹೇಳಲ್ಲ ಅಂದ್ಯಲ್ಲ!"

"ಸುಳ್ ಹೇಳ್ಲಿಲ್ವಲ್ಲ ಮತ್ತೆ" ಎಂದ ಅಪ್ಪ. "ಸರಿಪೋಯಿಂದಿ. ನೀನೇ ಗೆದ್ದೆ, ಕೂತ್ಕೋ."

ಸರಿಹೋಯ್ತು ಎಂಬುದನ್ನು ಅಪ್ಪ ತೆಲುಗಿನಲ್ಲಿ ಅಂದರೆ ಮುಗಿಯಿತು, ಮತ್ತೆ ಮಾತಿಲ್ಲ. ಭಜನೆ ಶುರುವಾಯಿತು. ಅಪ್ಪ ಎಂದಿನಂತೆ ಹಾಡಿದ, ನಕ್ಕ, ತಪ್ಪಿದವರಿಗೆ ಕಣ್ಣು ಬಿಟ್ಟ. ನಾನು ಮಾತ್ರ ಮಂಗಳ ಬರದಿದ್ದರೆ ಸಾಕು ಎಂದುಕೊಳ್ಳುತ್ತಿದ್ದೆ. ಬಂತು. ಮೂರನೆಯ ಚರಣದ ಕೊನೆಗೆ ಅಪ್ಪನ ಕೈ ಅಭ್ಯಾಸಬಲದಿಂದ ಅರ್ಧ ಎದ್ದಿತು, ಹಾಗೇ ಇಳಿಯಿತು. ಚಿಕ್ಕಪ್ಪ ಗೆಲುವಿನಿಂದ ಹಾರ್ಮೋನಿಯಂ ಒತ್ತಿದ, ಎಲ್ಲರೂ ಸೀದಾ ವೇಗಕ್ಕೆ ಹಾರಿದರು.

ಒಂದು ಸುತ್ತು ಜೋರಾಗಿ ಹೋಯಿತು. ಎರಡನೇ ಸುತ್ತಿನ ನಡುವೆ ಮೃದಂಗದವನಿಗೆ ಕೆಮ್ಮು ಹತ್ತಿತು. ಚಿಕ್ಕಪ್ಪನ ಬೆರಳು ಓಡುತ್ತಿದ್ದವು, ಬಾಯಿ ಮಾತ್ರ ತೆರೆದುಕೊಂಡೇ ಇತ್ತು, ಹೊರಗೆ ಬರುತ್ತಿದ್ದದ್ದು ಬರೀ ಗಾಳಿ. ಒಬ್ಬೊಬ್ಬರೇ ನಿಂತು, ಕೊನೆಗೆ ತಾಳ ಒಂದೇ ಉಳಿಯಿತು. ಹೆಂಗಸರ ಕಡೆಯಿಂದ ನಗು ಬಂತು.

"ಇನ್ನೊಂದ್ ಸಲ" ಎಂದ ಚಿಕ್ಕಪ್ಪ, ಮುಖ ಕೆಂಪಗೆ ಮಾಡಿಕೊಂಡು. ಮೂರನೇ ಚರಣದಿಂದ ಮತ್ತೆ ಹಿಡಿದರು. ಈ ಸಲ ಒಂದು ಸುತ್ತೂ ಪೂರ್ತಿಯಾಗಲಿಲ್ಲ.

ಚಿಕ್ಕಪ್ಪ ಲೋಟ ನೀರು ಕುಡಿದ. ಎದೆ ನೀವಿಕೊಂಡ. ಅಣ್ಣನ ಮುಖ ನೋಡಲಾಗದೆ ಹಾರ್ಮೋನಿಯಂ ನೋಡುತ್ತಾ ಹೇಳಿದ.

"ಅಣ್ಣಾ, ಒಂದ್ ಸಾಲು ಎಳಿ. ಉಸ್ರು ತಗೋತೀವಿ."

"ಟೇಪಲ್ಲಿ ಇಲ್ವಲ್ಲೋ."

"ಟೇಪಲ್ಲಿ ನಮಗೆ ಇಪ್ಪತ್ತು ವರ್ಸ ಕಣಣ್ಣಾ!"

"ಗುರುಗಳು ಎಳೀತಾನೇ ಇರ್ಲಿಲ್ಲ ಅಂದೆ."

"ಆಗ ಅವ್ರಿಗೆ ಉಸ್ರಿತ್ತು, ಎಳೀಲಿಲ್ಲ. ವಯಸ್ಸಾದ್ ಮೇಲೆ ನಿನ್ ಕೈಲಿ ಎಳ್ಸಿರ್ತಾರೆ, ನಂಗೇನ್ ಗೊತ್ತು. ಎಳಿಯಣ್ಣಾ, ಮಂಗಳ ಅರ್ಧಕ್ ನಿಲ್ಲಿಸ್ಬಾರ್ದು."

ಭಜನೆ ಮನೆ ನಗೆಯಲ್ಲಿ ತೇಲಿತು. ಅಪ್ಪ ನಗಲಿಲ್ಲ. ತಾಳವನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಮೂರನೆಯ ಚರಣವನ್ನು ತಾನೇ ಎತ್ತಿಕೊಂಡ, ಎಲ್ಲರೂ ಸೇರಿದರು. ಚರಣ ಮುಗಿಯಿತು. ಅವನ ಕೈ ಪೂರ್ತಿ ಎದ್ದಿತು. ಕಣ್ಣು ಮುಚ್ಚಿ, ಆ ಸಾಲನ್ನು ಎಳೆದ, ಎಂದೂ ಎಳೆಯದಷ್ಟು ಉದ್ದಕ್ಕೆ. ಚಿಕ್ಕಪ್ಪನಿಗೆ ಉಸಿರು ಬಂತು. ಮೃದಂಗದವನಿಗೂ ಬಂತು. ಚಿಕ್ಕಪ್ಪನ ಬೆರಳುಗಳು ಹಾರ್ಮೋನಿಯಂ ಮನೆಗಳ ಮೇಲೆ ಸಿದ್ಧವಾಗಿ ಕಾದವು, ಕಾದು ದಣಿದವು. ಅಪ್ಪ ಬಿಡಲೊಲ್ಲ.

"ಸಾಕ್ ಬಿಡಣ್ಣಾ" ಎಂದು ಚಿಕ್ಕಪ್ಪ ಪಿಸುಗುಟ್ಟಿದ.

ಅಪ್ಪ ಒಂದು ಕಣ್ಣು ತೆರೆದು ಅವನನ್ನು ನೋಡಿದ. ಮತ್ತೆ ಮುಚ್ಚಿಕೊಂಡು ಇನ್ನಷ್ಟು ಎಳೆದ.